ಕರ್ಣ ಎಳೆದ ಮೇಲೆ

ಚತುರ್ಭುಜದ ಕೋನಗಳ ಲೆಕ್ಕವೆಂದರೆ 360ರಿಂದ ಕಳೆಯುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ಅದರ ಸೊಗಸೆಲ್ಲ ಇರುವುದು ಕಾರಣ ಕೊಡುವುದರಲ್ಲಿ. ಒಂದು ಕರ್ಣ ಎಳೆದರೆ ಎರಡು ತ್ರಿಭುಜ. ಎರಡು 180 ಸೇರಿ 360. ಒಂದು ಮೂಲೆ ಒಳಕ್ಕೆ ತಗ್ಗಿದ ಆಕೃತಿಯಲ್ಲಿ ಇದು ನಡೆಯದು ಎಂಬ ಆಕ್ಷೇಪ ಬರಬಹುದು. ಅಲ್ಲಿ ಒಂದು ಕರ್ಣ ಹೊರಗೆ ಬೀಳುವುದೇನೋ ನಿಜ. ಆದರೆ ಆ ತಗ್ಗಿದ ಮೂಲೆಯಿಂದಲೇ ಎಳೆದ ಕರ್ಣ ಒಳಗೇ ಉಳಿಯುತ್ತದೆ, ಮೊತ್ತ ಕದಲುವುದಿಲ್ಲ.

ಎ, ಬಿ, ಸಿ, ಡಿ ಕೋನಗಳು ಕ್ರಮವಾಗಿ 3:4:5:6 ಅನುಪಾತದಲ್ಲಿವೆ ಎನ್ನೋಣ. ಒಟ್ಟು 18 ಭಾಗ, ಭಾಗಕ್ಕೆ 20 ಡಿಗ್ರಿ; ಕೋನಗಳು 60, 80, 100, 120. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅಕ್ಕಪಕ್ಕದ ಎ, ಡಿ ಕೋನಗಳನ್ನು ಕೂಡಿಸಿ ನೋಡಿ: 180. ಹಾಗಾದರೆ ಎಬಿ, ಡಿಸಿ ಬಾಹುಗಳು ಸಮಾಂತರ! ಒಂದು ಬಾಹುವಿನ ಉದ್ದವೂ ಗೊತ್ತಿಲ್ಲದೆ ಇದು ತ್ರಾಪಿಜ್ಯವೆಂದು ತಿಳಿದುಬಿಟ್ಟಿತು. ಇನ್ನು ಎದುರುಬದುರಿನ ಎ, ಸಿ ಸೇರಿದರೆ 160. ವೃತ್ತದೊಳಗೆ ರಚಿಸಿದ ಚತುರ್ಭುಜದ ಅಭಿಮುಖ ಕೋನಗಳ ಮೊತ್ತ 180 ಎಂದು ಯೂಕ್ಲಿಡ್ ತನ್ನ ಮೂರನೆಯ ಪುಸ್ತಕದ 22ನೇ ಪ್ರಮೇಯದಲ್ಲಿ ಸಾಧಿಸಿದ್ದಾನೆ. ಆದ್ದರಿಂದ ಈ ನಾಲ್ಕೂ ಮೂಲೆಗಳನ್ನು ಯಾವ ವೃತ್ತವೂ ಹಾಯದು. ಕೋನಮಾಪಕವಿಟ್ಟು ಅಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಳತೆ ಆ ಒಂದು ಚಿತ್ರದ ಮಾತು ಹೇಳುತ್ತದೆ, ಅದೂ ಸುಮಾರಾಗಿ. ಕಾರಣವಾದರೋ ಅಂಥ ಎಲ್ಲ ಚಿತ್ರಗಳಿಗೂ ಸಲ್ಲುತ್ತದೆ. ಗಣಿತದ ಮೇಷ್ಟ್ರುಗಳಲ್ಲಿ ವಿನಂತಿ: ಉತ್ತರಕ್ಕೆ ಅಂಕ ಕೊಡಿ, ಜೊತೆಗೆ ಆ ಚಿತ್ರದಲ್ಲಿ ಇನ್ನೇನು ಕಾಣುತ್ತದೆ ಎಂದೂ ಮಕ್ಕಳನ್ನು ಕೇಳಿ.