ಡಿಮಿಟ್ರಿ ಹ್ವೊರೊಸ್ತೊವ್‌ಸ್ಕಿ: ಉಸಿರು ಹಾಡಾದ ಬಗೆ

ಒಳ್ಳೆಯ ಕಂಠ ದೇವರ ಕೊಡುಗೆ ಎನ್ನುತ್ತೇವೆ. ಮಾತು ನಿಜ, ಆದರೆ ಅರ್ಧ ನಿಜ. ಆ ಕೊಡುಗೆಯನ್ನು ಗಾಯಕನು ಹೇಗೆ ಬಳಸಿದ ಎಂಬುದೇ ಉಳಿದರ್ಧ. ಇದನ್ನು ತಿಳಿಯಬಯಸುವವರು ರಷ್ಯದ ಒಪೆರಾ ಗಾಯಕ ಡಿಮಿಟ್ರಿ ಹ್ವೊರೊಸ್ತೊವ್‌ಸ್ಕಿಯವರನ್ನು ಆಲಿಸಬೇಕು.

ನಮ್ಮ ದೇವಾಲಯಗಳ ಗಾನವೃಂದದಲ್ಲಿ ಹಾಡಿದವರಿಗೆ ಟೆನರ್ ಮತ್ತು ಬೇಸ್ ಸ್ವರಗಳ ಪರಿಚಯವಿದ್ದೀತು. ಇವೆರಡರ ನಡುವಿನ ಪುರುಷ ಕಂಠವೇ ಬ್ಯಾರಿಟೋನ್. ಒಪೆರಾದಲ್ಲಿ ಪ್ರೇಮಿಯ ಪಾತ್ರ ಸಾಮಾನ್ಯವಾಗಿ ಟೆನರ್‌ಗೆ ಸಲ್ಲುತ್ತದೆ. ಪ್ರತಿಸ್ಪರ್ಧಿ, ಒಡೆಯ, ತಂದೆ ಇವು ಬ್ಯಾರಿಟೋನ್ ಪಾಲಿನವು. ಬಯಸಿದ್ದು ದಕ್ಕದವರ, ತಪ್ಪೆಸಗಿ ನೊಂದವರ ದನಿಯದು.

ಹ್ವೊರೊಸ್ತೊವ್‌ಸ್ಕಿ 1962ರ ಅಕ್ಟೋಬರ್ 16ರಂದು ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ನಗರದಲ್ಲಿ ಜನಿಸಿದರು. ಅಲ್ಲಿಯೇ ಕಲಿತು, ಅಲ್ಲಿಯ ಒಪೆರಾ ತಂಡದಲ್ಲಿಯೇ ಹಾಡತೊಡಗಿದರು. 1989ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಾಯನ ಸ್ಪರ್ಧೆಯಲ್ಲಿ ಆತಿಥೇಯ ನಾಡಿನವರೇ ಆದ ಬ್ರಿನ್ ಟರ್ಫೆಲ್‌ರನ್ನು ಹಿಂದಿಕ್ಕಿ ಪ್ರಥಮ ಸ್ಥಾನ ಪಡೆದಾಗ ಜಗತ್ತು ಇವರತ್ತ ತಿರುಗಿ ನೋಡಿತು.

ಇವರ ಗಾಯನದ ಜೀವಾಳ ಉಸಿರು. ಉದ್ದನೆಯ ಸ್ವರವಾಕ್ಯವನ್ನು ಎಲ್ಲಿಯೂ ಕತ್ತರಿಸದೆ ಒಂದೇ ಎಳೆಯಾಗಿ ನೂಲುತ್ತಿದ್ದರು. ಮುಂದಿನ ವಾಕ್ಯಕ್ಕೆ ಉಸಿರೆಳೆಯುವ ಸದ್ದು ಕೇಳಿಸುತ್ತದೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದ್ದುಂಟು. ಆದರೆ ಆ ಸದ್ದಿನಲ್ಲಿ ದುಡಿಮೆಯೂ ಕೇಳಿಸುತ್ತದೆಯಲ್ಲವೇ? ವಾದ್ಯಗಳ ನೆರವಿಲ್ಲದೆ ಹಾಡುವ ರಷ್ಯದ ಆರ್ಥೊಡಾಕ್ಸ್ ಸಭೆಯ ಪವಿತ್ರ ಗೀತೆಗಳನ್ನು ಇವರು ಸೇಂಟ್ ಪೀಟರ್ಸ್‌ಬರ್ಗ್‌ನ ಗಾನವೃಂದದೊಡನೆ ಧ್ವನಿಮುದ್ರಿಸಿದ್ದಾರೆ. ಅಲ್ಲಿ ಆ ಉಸಿರಿನ ಬೆಲೆ ಸ್ಪಷ್ಟವಾಗುತ್ತದೆ.

ದೋಷವನ್ನೂ ಹೇಳಬೇಕು. ಇವರದು ನಯವಾದ ಕಂಠವೇ ಹೊರತು ಭಾರಿ ಕಂಠವಲ್ಲ. ಇಟಲಿಯ ವೆರ್ದಿ ರಚಿಸಿದ ಗುರುತರ ಪಾತ್ರಗಳಿಗಾಗಿ ದನಿಯನ್ನು ಗಾಢಗೊಳಿಸಿದಾಗ ಸಹಜವಾದ ಸಲೀಸು ಕುಂದುತ್ತಿತ್ತು. ಎಳೆಯ ವಯಸ್ಸಿನ ಕೆಲವು ಹಾಡುಗಳಲ್ಲಿ ದನಿಯ ಸೊಬಗು ಪಾತ್ರದ ನೋವನ್ನು ಮರೆಸುವುದೂ ಉಂಟು. ಚೈಕೋವ್‌ಸ್ಕಿಯ 'ಯೆವ್ಗೆನಿ ಒನೇಗಿನ್' ಮಾತ್ರ ಇವರಿಗಾಗಿಯೇ ಹೊಲಿದ ಅಂಗಿಯಂತಿತ್ತು. ಒಲಿದು ಬಂದವಳಿಗೆ ಬುದ್ಧಿ ಹೇಳಿ ಕಳುಹಿಸುವ ಒನೇಗಿನ್ ಕೊನೆಗೆ ಅವಳೆದುರೇ ಅಂಗಲಾಚುತ್ತಾನೆ. 2007ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ರಂಗಮಂದಿರದಲ್ಲಿ ಅವರು ಹಾಡಿದ ಈ ಪಾತ್ರದಲ್ಲಿ ಬಿಗುಮಾನವು ಬಿರಿದು ಬೀಳುವುದನ್ನು ನೀವೇ ಕೇಳಬಹುದು.

2015ರ ಜೂನ್‌ನಲ್ಲಿ ಮೆದುಳಿನಲ್ಲಿ ಗಡ್ಡೆ ಇರುವುದು ತಿಳಿಯಿತು. ಚಿಕಿತ್ಸೆಯ ನಡುವೆಯೇ ಅದೇ ಸೆಪ್ಟೆಂಬರ್‌ನಲ್ಲಿ ಅವರು ಮೆಟ್ರೊಪಾಲಿಟನ್‌ಗೆ ಮರಳಿ ವೆರ್ದಿಯ 'ಇಲ್ ತ್ರೊವಾತೊರೆ'ಯಲ್ಲಿ ಹಾಡಿದರು. ಮುಗಿದಾಗ ವಾದ್ಯಗಾರರು ರಂಗದ ಮೇಲೆ ಬಿಳಿ ಗುಲಾಬಿಗಳನ್ನು ಎರಚಿದರು. ರೋಗವು ದೇಹದ ಸಮತೋಲನವನ್ನು ಕೆಡಿಸಿದ್ದರಿಂದ 2016ರ ಡಿಸೆಂಬರ್‌ನಲ್ಲಿ ಒಪೆರಾ ರಂಗದಿಂದ ಹಿಂದೆ ಸರಿಯುವುದಾಗಿ ತಿಳಿಸಿದರು.

ಆದರೂ 2017ರ ಮೇ ತಿಂಗಳಲ್ಲಿ ಅದೇ ರಂಗಮಂದಿರದ ಸಂಭ್ರಮದ ಕೂಟವೊಂದರಲ್ಲಿ, ಯಾರೂ ನಿರೀಕ್ಷಿಸದೆ ಇದ್ದಾಗ, ಅವರು ಬಂದು ನಿಂತರು. ಆರಿಸಿಕೊಂಡದ್ದು 'ರಿಗೊಲೆತ್ತೊ' ಒಪೆರಾದ ತಂದೆಯ ಹಾಡು. ಮಗಳನ್ನು ಕಸಿದುಕೊಂಡ ಆಸ್ಥಾನಿಕರ ಮೇಲೆ ಸಿಡಿದೆದ್ದ ತಂದೆ ಹಾಡು ಮುಗಿಯುವ ಹೊತ್ತಿಗೆ ಅವರಲ್ಲೇ ಕರುಣೆ ಬೇಡುತ್ತಾನೆ. ಸಿಟ್ಟಿನಿಂದ ಯಾಚನೆಗೆ ಇಳಿಯುವ ಆ ತಿರುವಿನಲ್ಲಿ ದನಿಯ ಸೊಬಗನ್ನು ಕಾಯಬೇಕೆಂಬ ಎಚ್ಚರ ಅವರಲ್ಲಿ ಉಳಿದಿರಲಿಲ್ಲ; ತಂದೆಯ ಸಂಕಟವಷ್ಟೇ ಇತ್ತು. ಮುಂದಿನ ತಿಂಗಳು, ಗಾಯಗೊಂಡ ತೋಳನ್ನು ಪಟ್ಟಿಯಲ್ಲಿ ಇಳಿಬಿಟ್ಟುಕೊಂಡೇ, ಹುಟ್ಟೂರಿನ ಜನರೆದುರು ಹಾಡಿದರು. ನವೆಂಬರ್ 22ರಂದು ಲಂಡನ್‌ನಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಪ್ರಿಯ ಓದುಗರೇ, 1989ರ ಕಾರ್ಡಿಫ್ ಗಾಯನವನ್ನು ಮೊದಲು ಕೇಳಿ, ಆಮೇಲೆ 2017ರ ಈ ಹಾಡನ್ನು ಕೇಳಿ. ಮೊದಲನೆಯದರಲ್ಲಿ ನೀವು ಆ ಕಂಠವನ್ನು ಮೆಚ್ಚುತ್ತೀರಿ. ಎರಡನೆಯದರಲ್ಲಿ ಕಂಠದ ನೆನಪೇ ಆಗದೆ, ಮಗಳಿಗಾಗಿ ಮೊರೆಯಿಡುವ ಒಬ್ಬ ತಂದೆಯ ಪಕ್ಕದಲ್ಲಿ ನಿಂತಿರುತ್ತೀರಿ.