ಮುಂದಿನ ಬೆಂಚಿನವರಿಗಾಗಿ ಬರೆದವಳು

1946ರ ಜನವರಿ. ಅಮೆರಿಕದ ಐಯೊವಾ ವಿಶ್ವವಿದ್ಯಾಲಯದಲ್ಲಿ ಕಥೆ ಬರೆಯುವುದನ್ನು ಕಲಿಯುತ್ತಿದ್ದ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಒಂದು ಸಾದಾ ನೋಟ್‌ಬುಕ್ಕಿನಲ್ಲಿ ದೇವರಿಗೆ ಪತ್ರ ಬರೆಯಲು ಶುರು ಮಾಡಿದಳು. ಮುಂದಿನ ವರ್ಷದ ಸೆಪ್ಟೆಂಬರ್ ತನಕ ಆಗಾಗ ಬರೆದಳು, ಆಮೇಲೆ ನಿಲ್ಲಿಸಿದಳು. ಆ ಹುಡುಗಿ ಫ್ಲಾನರಿ ಓಕಾನರ್. 39ನೇ ವಯಸ್ಸಿಗೇ ತೀರಿಕೊಂಡ ಆಕೆ ಇವತ್ತು ಅಮೆರಿಕದ ದೊಡ್ಡ ಕಥೆಗಾರರ ಸಾಲಿನಲ್ಲಿದ್ದಾಳೆ. ನೋಟ್‌ಬುಕ್ಕು 2013ರಲ್ಲಿ ‘ಎ ಪ್ರೇಯರ್ ಜರ್ನಲ್’ ಅಂತ ಪುಸ್ತಕವಾಗಿ ಬಂತು. ಒಂದು ಸಂಜೆಗೆ ಓದಿ ಮುಗಿಸುವಷ್ಟು ಚಿಕ್ಕದು. ನಾನು ಮೂರು ಸಲ ಓದಿದ್ದೇನೆ.

ಮೂರು ಸಲ ಯಾಕೆ ಅಂದರೆ, ನನಗೂ ಅದೇ ಪ್ರಶ್ನೆ ಇದೆ. ದಕ್ಷಿಣ ಕನ್ನಡದ ಒಂದು ಹಳ್ಳಿಯ ಕ್ಯಾಥೊಲಿಕ್ ಮನೆಯಲ್ಲಿ, ದಿನಾ ಸಂಜೆ ಜಪಮಾಲೆ ಹೇಳುತ್ತಾ ಬೆಳೆದವನು ನಾನು. ಮನೆಮಾತು ಕೊಂಕಣಿ, ಬರೆಯುವುದು ಕನ್ನಡದಲ್ಲಿ, ಸಂಬಳ ಬರುವುದು ಜಾವಾದಿಂದ! ಒಮ್ಮೆ ಚರ್ಚೊಂದರ ಸ್ಮರಣ ಸಂಚಿಕೆಗೆ ಕಥೆ ಕೇಳಿದರು. ಕುಡುಕ ಗುರ್ಕಾರನೊಬ್ಬನ ಕಥೆ ಕೊಟ್ಟೆ. ‘ಇದರಿಂದ ಜನರಿಗೆ ಏನು ಸಂದೇಶ?’ ಎಂಬ ಪ್ರಶ್ನೆಯ ಜೊತೆ ವಾಪಸ್ ಬಂತು. ಅದನ್ನೇ ಬೆಂಗಳೂರಿನ ಗೆಳೆಯರಿಗೆ ಓದೋಕೆ ಕೊಟ್ಟರೆ, ‘ಕಥೆ ಚೆನ್ನಾಗಿದೆ ಮಾರಾಯ, ಚರ್ಚು ಸ್ವಲ್ಪ ಜಾಸ್ತಿ ಆಯ್ತು’ ಅಂದರು. ಒಬ್ಬರಿಗೆ ನಂಬಿಕೆ ಸಾಲದು, ಇನ್ನೊಬ್ಬರಿಗೆ ಅದೇ ಹೆಚ್ಚಾಯಿತು. ಹಾಗಾದರೆ ಕ್ರೈಸ್ತನೊಬ್ಬ ಯಾತಕ್ಕೆ ಬರೆಯಬೇಕು?

ಓಕಾನರ್‌ಳ ನೋಟ್‌ಬುಕ್ಕಿನಲ್ಲಿ ಇದಕ್ಕೆ ರೆಡಿಮೇಡ್ ಉತ್ತರ ಇಲ್ಲ. ನನಗೆ ಹಿಡಿಸಿದ್ದೂ ಅದೇ. ತನ್ನ ಕಥೆ ಓದಿ ಇಷ್ಟು ಜನ ಚರ್ಚಿಗೆ ಬರಲಿ ಅಂತ ಆಕೆ ಟಾರ್ಗೆಟ್ ಇಟ್ಟುಕೊಳ್ಳುವುದಿಲ್ಲ. ಚೆನ್ನಾಗಿ ಬರೆಯುವ ಹಾಗೆ ಮಾಡು ಅಂತ ಬೇಡುತ್ತಾಳೆ. ಬರೆದದ್ದು ಅಚ್ಚಾಗಬೇಕು ಅನ್ನುವ ಆಸೆಯನ್ನು ದೇವರಿಂದ ಮುಚ್ಚಿಡುವುದಿಲ್ಲ. ಜೊತೆಗೇ, ತನ್ನ ‘ನಾನು’ ಎಂಬ ನೆರಳು ದೊಡ್ಡದಾಗುತ್ತಾ ಹೋಗಿ ದೇವರನ್ನೇ ಮರೆ ಮಾಡುತ್ತದೇನೋ ಅಂತ ಹೆದರುತ್ತಾಳೆ. ಕೊನೆಯ ಪುಟದಲ್ಲಿ, ಓಟ್ಸ್ ಬಿಸ್ಕತ್ತನ್ನು ಆಸೆಬುರುಕಿಯ ಹಾಗೆ ತಿಂದೆ, ಮನಸ್ಸಿನಲ್ಲಿ ಬೇಡದ ಯೋಚನೆ ಬಂತು, ನನ್ನ ಬಗ್ಗೆ ಹೇಳೋದಕ್ಕೆ ಇನ್ನೇನೂ ಉಳಿದಿಲ್ಲ ಎಂಬರ್ಥದ ಮಾತು ಬರೆದು ಮುಗಿಸಿಬಿಡುತ್ತಾಳೆ. ಸಂತರ ಚರಿತ್ರೆಯಲ್ಲಿ ಇಂಥ ಪುಟ ಸಿಗೋದು ಕಷ್ಟ.

ನಮ್ಮ ಕೆಲಸದಲ್ಲಿ ಮೊದಲು ರಿಕ್ವೈರ್‌ಮೆಂಟ್ ಬರೆದುಕೊಂಡು ಆಮೇಲೆ ಕೋಡ್ ಬರೆಯುತ್ತೇವೆ. ಸಂದೇಶ ಕೇಳುವವರು ಕಥೆಯಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ. ಆದರೆ ಓಕಾನರ್‌ಳ ಒಳ್ಳೆಯ ಕಥೆಗಳಲ್ಲಿ ಉದ್ದೇಶ ಅನ್ನುವುದು ಮೊದಲೇ ಬರೆದಿಟ್ಟ ಕಾಗದ ಅಲ್ಲ. ಆಕೆ ಯಾರನ್ನು ನೋಡುತ್ತಾಳೆ, ಎಷ್ಟು ಹೊತ್ತು ಕಣ್ಣು ತೆಗೆಯದೆ ನೋಡುತ್ತಾಳೆ ಅನ್ನುವುದರಲ್ಲಿ ಅದು ಇರುತ್ತದೆ.

‘ರೆವೆಲೇಶನ್’ ಕಥೆಯನ್ನೇ ತೆಗೆದುಕೊಳ್ಳಿ. 1964ರಲ್ಲಿ, ಅಂದರೆ ಆಕೆ ತೀರಿಕೊಂಡ ವರ್ಷವೇ, ಪ್ರಕಟವಾದ ಕಥೆ ಇದು. ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಾ ಕೂತವರ ನಡುವೆ ಮಿಸೆಸ್ ಟರ್ಪಿನ್ ಇದ್ದಾಳೆ. ದೈವಭಕ್ತೆ, ಶುಚಿ, ಮನೆ ಮತ್ತು ಹೊಲ ಇರುವವಳು. ರಾತ್ರಿ ನಿದ್ದೆ ಬಾರದಾಗ ಈಕೆ ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾಳೆ: ತಳದಲ್ಲಿ ಹೆಚ್ಚಿನ ಕರಿಯರು, ಅವರ ಆಸುಪಾಸಿನಲ್ಲಿ ಗತಿಯಿಲ್ಲದ ಬಿಳಿಯರು, ಮೇಲೆ ಮನೆ ಇದ್ದವರು, ಅದಕ್ಕೂ ಮೇಲೆ ಮನೆ ಜೊತೆಗೆ ಜಮೀನೂ ಇರುವ ತನ್ನಂಥವರು. ತನ್ನನ್ನು ಇಂಥವಳನ್ನಾಗಿ ಮಾಡಿದ್ದಕ್ಕೆ ಯೇಸುವಿಗೆ ಥ್ಯಾಂಕ್ಸ್ ಹೇಳುತ್ತಲೇ ಇರುತ್ತಾಳೆ. ಎದುರಿಗೆ ಕೂತಿದ್ದ ಕಾಲೇಜು ಹುಡುಗಿ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಎತ್ತಿ ಈಕೆಯ ಮುಖಕ್ಕೆ ಎಸೆಯುತ್ತಾಳೆ, ನರಕದ ಹಂದಿ ಅಂತ ಬೈಯುತ್ತಾಳೆ. ಪುಸ್ತಕದ ಹೆಸರು ‘ಹ್ಯೂಮನ್ ಡೆವಲಪ್‌ಮೆಂಟ್’, ಹುಡುಗಿಯ ಹೆಸರು ಮೇರಿ ಗ್ರೇಸ್. ಗ್ರೇಸ್ ಅಂದರೆ ಕೃಪೆ. ಪ್ರವಚನಗಳಲ್ಲಿ ಮಳೆಯ ಹಾಗೆ ಸುರಿಯುವ ಕೃಪೆ ಇಲ್ಲಿ ಕಣ್ಣಿನ ಮೇಲೆ ಬಂದು ಬಡಿಯುತ್ತದೆ. ಕೊನೆಗೆ ಸಂಜೆಯ ಆಕಾಶದಲ್ಲಿ ಒಂದು ಮೆರವಣಿಗೆ ಸ್ವರ್ಗಕ್ಕೆ ಹೋಗುವುದು ಆಕೆಗೆ ಕಾಣುತ್ತದೆ. ತಳದಲ್ಲಿಟ್ಟಿದ್ದವರೆಲ್ಲ ಮುಂದೆ. ಸಾಲಿನ ಕೊನೆಯಲ್ಲಿ ಅವಳಂಥ ಮರ್ಯಾದಸ್ಥರು. ಅವರ ಸದ್ಗುಣಗಳೂ ಸುಟ್ಟುಹೋಗುತ್ತಿವೆ.

ಈ ಕಥೆ ಅರ್ಥವಾಗಲು ಅಮೆರಿಕದ ದಕ್ಷಿಣ ರಾಜ್ಯಗಳ ಪರಿಚಯ ಬೇಕಿಲ್ಲ. ಆ ಮೆಟ್ಟಿಲುಗಳು ನಮಗೆ ಹುಟ್ಟಿನಿಂದಲೇ ಗೊತ್ತು. ಯೇಸುವಿನಲ್ಲಿ ಎಲ್ಲರೂ ಒಂದೇ ಅಂತ ಹಾಡುವ ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲೂ ಮದುವೆ ಮಾತು ಬಂದರೆ ‘ಅವರು ಮೂಲದಲ್ಲಿ ಯಾರು?’ ಅನ್ನುವ ಪ್ರಶ್ನೆ ಮೆಲ್ಲಗೆ ಏಳುತ್ತದೆ. ಈ ಕಥೆಯಲ್ಲಿ ಓಕಾನರ್ ದೇವರನ್ನು ನಂಬದವರಿಗೆ ಬುದ್ಧಿ ಹೇಳೋಕೆ ಹೋಗಲಿಲ್ಲ. ಚರ್ಚಿನ ಮುಂದಿನ ಬೆಂಚಿನಲ್ಲಿ ನೆಮ್ಮದಿಯಾಗಿ ಕೂತವರನ್ನು ಅಲುಗಾಡಿಸಿದಳು. ಕ್ರೈಸ್ತ ಬರಹದ ಉದ್ದೇಶ ಅಂತ ಒಂದಿದ್ದರೆ, ನನ್ನ ಮಟ್ಟಿಗೆ ಅದು ಇಲ್ಲಿಂದ ಶುರುವಾಗುತ್ತದೆ.

ಹಾಗಂತ ಆಕೆಯನ್ನು ಪೀಠದ ಮೇಲೆ ಕೂರಿಸಬೇಕಿಲ್ಲ. ಕೆಲವು ಕಥೆಗಳಲ್ಲಿ ಹಿಂಸೆ ತೀರಾ ಲೆಕ್ಕಾಚಾರದ್ದು ಅನ್ನಿಸುತ್ತದೆ. ಕೃಪೆ ಇಳಿಯಲಿ ಅಂತಲೇ ಪಾತ್ರವನ್ನು ಮೂಲೆಗೆ ತಳ್ಳಿದ ಹಾಗೆ, ದೇವರ ಕೆಲಸವನ್ನು ಲೇಖಕಿಯೇ ವಹಿಸಿಕೊಂಡ ಹಾಗೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆಕೆಯ ಪತ್ರಗಳಲ್ಲಿ ಕರಿಯರ ಬಗ್ಗೆ ಹೀನಾಯವಾದ ಮಾತುಗಳಿವೆ. ಅದರ ಚರ್ಚೆ ಜೋರಾದಾಗ, 2020ರಲ್ಲಿ, ಮೇರಿಲ್ಯಾಂಡಿನ ಲೊಯೊಲಾ ವಿಶ್ವವಿದ್ಯಾಲಯ ತನ್ನ ಹಾಸ್ಟೆಲ್ ಕಟ್ಟಡಕ್ಕಿದ್ದ ಆಕೆಯ ಹೆಸರನ್ನು ತೆಗೆಯಿತು. ಕಾಲ ಹಾಗಿತ್ತು ಅಂತ ಸಮಾಧಾನ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ, ಆಕೆಯ ಕಾಲದಲ್ಲೇ ಹಾಗೆ ಯೋಚಿಸದವರೂ ಇದ್ದರಲ್ಲ! ಆದರೆ ಅದೇ ಕೈ ‘ರೆವೆಲೇಶನ್’ ಅನ್ನೂ ಬರೆಯಿತು. ಪತ್ರ ಬರೆದವಳಿಗಿಂತ ಕಥೆ ಬರೆದವಳು ದೊಡ್ಡವಳು. ಸಾಲಿನ ಕೊನೆಯಲ್ಲಿ ನಡೆಯುವವರ ನಡುವೆ ಲೇಖಕಿಯೂ ಇದ್ದಾಳೆ ಅಂತ ಓದಿದರೇನೇ ಆ ಮೆರವಣಿಗೆಗೆ ಪೂರ್ತಿ ಅರ್ಥ ಬರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಕ್ಯಾಥೊಲಿಕ್ ಆಗಿದ್ದ ಓಕಾನರ್‌ಳ ಪಾತ್ರಗಳಲ್ಲಿ ಹೆಚ್ಚಿನವರು ಕ್ಯಾಥೊಲಿಕರಲ್ಲ, ಸುತ್ತಮುತ್ತಲಿನ ಪ್ರೊಟೆಸ್ಟೆಂಟ್ ರೈತರು, ಬೀದಿ ಬೋಧಕರು. ಇದನ್ನು ಓದಿದಾಗ ನನಗೆ ಸಾಗರದ ನಾ. ಡಿಸೋಜ ನೆನಪಾದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ, 2025ರ ಜನವರಿಯಲ್ಲಿ ತೀರಿಕೊಂಡ ಡಿಸೋಜರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದರು, ನಿಜ. ಆದರೆ ಹೆಚ್ಚು ಜನರಿಗೆ ಅವರು ಗೊತ್ತಿರುವುದು ‘ದ್ವೀಪ’ದಿಂದ, ಗಿರೀಶ ಕಾಸರವಳ್ಳಿ ಅದನ್ನು ಆಧರಿಸಿ ಮಾಡಿದ ಸಿನಿಮಾದಿಂದ. ಶರಾವತಿಯ ಹಿನ್ನೀರು ಏರುತ್ತಾ ಬಂದಂತೆ ಗುಡ್ಡದ ಮೇಲೇ ಉಳಿದುಹೋದ ಒಂದು ಹಿಂದೂ ಕುಟುಂಬದ ಕಥೆ ಅದು. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. ಊಟ ಹಾಕಿದ ಯೋಜನೆ ಯಾರ ಮನೆ ಮುಳುಗಿಸಿತು ಅನ್ನುವುದನ್ನು ಬರೆಯಲು ಕೂತರು.

ಇಲ್ಲಿ ಪ್ರವಚನ ಇಲ್ಲ, ಮತಾಂತರದ ಮಾತಿಲ್ಲ, ಎಸೆದ ಪುಸ್ತಕವೂ ಇಲ್ಲ. ಓಕಾನರ್ ಬೆಚ್ಚಿಬೀಳಿಸುತ್ತಾಳೆ, ಡಿಸೋಜರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ. ‘ನೆರೆಯವನನ್ನು ಪ್ರೀತಿಸು’ ಅನ್ನುವುದು ಕಥೆ ಬರೆಯುವವನಿಗೆ ಏನು ಕೆಲಸ ಹಚ್ಚುತ್ತದೆ ಅಂತ ಯಾರಾದರೂ ಕೇಳಿದರೆ ನಾನು ‘ದ್ವೀಪ’ ತೋರಿಸುತ್ತೇನೆ. ನೆರೆಯವನ ಮನೆಯೊಳಗೆ ಹೋಗಿ, ಅವನ ದೇವರ ಕೋಣೆಯನ್ನೂ ಅವನ ಭಯವನ್ನೂ ಅವನ ಕಣ್ಣಿನಿಂದಲೇ ನೋಡುವ ಕೆಲಸ.

ನನಗೆ ಇಬ್ಬರೂ ಬೇಕು. ನಮ್ಮವರ ಬಗ್ಗೆ ಬರೆಯುವಾಗ ಓಕಾನರ್‌ಳ ನಿಷ್ಠುರ ಕಣ್ಣು, ಬೇರೆಯವರ ಬಗ್ಗೆ ಬರೆಯುವಾಗ ಡಿಸೋಜರ ತಾಳ್ಮೆ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ ಅಲ್ವಾ? ನಮ್ಮವರಿಗೆ ಮೃದು, ಹೊರಗಿನವರಿಗೆ ಕಠಿಣ. ಇವತ್ತಿನ ದಿನಗಳಲ್ಲಿ ಯಾವ ಧರ್ಮದ ಲೇಖಕರಿಗೂ ಈ ಮಾತು ಅನ್ವಯಿಸುತ್ತದೆ.

ಓಕಾನರ್‌ಳನ್ನು ಇನ್ನೂ ಓದಿರದಿದ್ದರೆ ‘ರೆವೆಲೇಶನ್’ನಿಂದ ಶುರು ಮಾಡಿ, ನೋಟ್‌ಬುಕ್ಕು ಆಮೇಲೆ. ಉದ್ದೇಶ ಏನು ಅಂತ ದೇವರನ್ನು ಕೇಳುತ್ತಿದ್ದ ಹುಡುಗಿ ಕೊನೆಗೆ ಎಂಥ ಕಥೆ ಬರೆದಳು ಅಂತ ಮೊದಲು ನೋಡಿದರೆ, ಆ ಪ್ರಾರ್ಥನೆಗಳ ತೂಕ ಗೊತ್ತಾಗುತ್ತದೆ.