ಕನಸೂ ಕನಸಿನ ಕಥನವೂ: ಮ್ಯಾಲ್ಕಮ್‌ರ ವಾದದ ಒಂದು ವಿಮರ್ಶೆ

ಕಾರ್ನೆಲ್ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರಜ್ಞ ನಾರ್ಮನ್ ಮ್ಯಾಲ್ಕಮ್‌ರ 'ಡ್ರೀಮಿಂಗ್' (1959) ಚಿಕ್ಕ ಗ್ರಂಥ. ಅದು ಎತ್ತಿದ ಪ್ರಶ್ನೆ ಚಿಕ್ಕದಲ್ಲ. ಕನಸೆಂಬ ಭಾವನೆ ನಮಗೆ ದೊರೆತಿರುವುದು ಎಚ್ಚತ್ತವನು ಹೇಳುವ ಕಥನದಿಂದ. ಆ ಕಥನವೇ ಕನಸಿಗೆ ಪ್ರಮಾಣ. ನಿದ್ರಿಸುತ್ತಿರುವವನು ಯಾವ ತೀರ್ಮಾನವನ್ನೂ ಮಾಡಲಾರನು. ಆದುದರಿಂದ ಕನಸು ನಿದ್ರೆಯ ಇಂತಹ ಗಳಿಗೆಯಲ್ಲಿ, ಇಷ್ಟು ಹೊತ್ತು ನಡೆಯಿತೆನ್ನುವುದಕ್ಕೆ ಅರ್ಥವಿಲ್ಲ ಎಂಬುದು ಅವರ ವಾದ. ಕನಸೇ ಇಲ್ಲವೆಂದು ಅವರು ಸಾರಿದರೆಂದು ತರಗತಿಗಳಲ್ಲಿ ಕೇಳಿಬರುವುದುಂಟು. ಅದು ಗ್ರಂಥವನ್ನು ಓದದವರ ಮಾತು.

ಈ ವಾದಕ್ಕೆ ಎದುರಾಗಿ ನಿಂತಿದ್ದುದು ಷಿಕಾಗೋ ಪ್ರಯೋಗಶಾಲೆಯ ಕೆಲಸ. ನಿದ್ರೆಯ ನಡುವೆ ಆಗಾಗ ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುವುದನ್ನು 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಪಡಿಸಿದರು. 1957ರಲ್ಲಿ ಪ್ರಕಟವಾದ ಡಿಮೆಂಟ್ ಮತ್ತು ಕ್ಲೈಟ್‌ಮನ್‌ರ ಪ್ರಯೋಗದಲ್ಲಿ, ಅಂತಹ ಹೊತ್ತಿನಲ್ಲಿ 191 ಸಲ ಎಬ್ಬಿಸಿ ಕೇಳಲು 152 ಸಲ ಕನಸಿನ ವಿವರ ದೊರೆಯಿತು. ಉಳಿದ ನಿದ್ರೆಯಲ್ಲಿ 160 ಸಲ ಎಬ್ಬಿಸಿದಾಗ 11 ಸಲ ಮಾತ್ರ. ಮ್ಯಾಲ್ಕಮ್ ಈ ಅಂಕಿಗಳನ್ನು ಅಲ್ಲಗಳೆಯಲಿಲ್ಲ. ಇದು ಕನಸಿನ ಕಾಲವನ್ನು ಕಂಡುಹಿಡಿದಂತಲ್ಲ, 'ಕನಸು' ಎಂಬ ಪದಕ್ಕೆ ಹೊಸ ಅರ್ಥವನ್ನು ಕೊಟ್ಟಂತೆ ಎಂದರು. ಇದರಲ್ಲಿ ತಿರುಳಿದೆಯೆಂದು ನಾವು ಒಪ್ಪುತ್ತೇವೆ. ಕಣ್ಣಿನ ಚಲನೆಯನ್ನೇ ಕನಸೆಂದು ಬಗೆದವರು, 1962ರಲ್ಲಿ ಫೋಕ್ಸ್ ಇತರ ನಿದ್ರೆಯಿಂದಲೂ ಕನಸಿನಂತಹ ಕಥನಗಳನ್ನು ಪಡೆದಾಗ ತೊಡಕಿಗೆ ಸಿಕ್ಕಿದರು.

ಆದರೆ ಮ್ಯಾಲ್ಕಮ್‌ರ ಆಧಾರ ಆಡುಮಾತಿನ ರೂಢಿ. ಆ ರೂಢಿಯನ್ನು ಇಂಗ್ಲಿಷಿನಲ್ಲಿ ಮಾತ್ರವೇ ಏಕೆ ನೋಡಬೇಕು? 'ರಾತ್ರಿ ಕನಸು ಬಿತ್ತು' ಎನ್ನುವ ಕನ್ನಡಿಗನು ಬೆಳಗಿನ ಕಥನವನ್ನು ಕುರಿತು ಮಾತನಾಡುತ್ತಿಲ್ಲ. ರಾತ್ರಿ ತನಗೆ ಆದುದನ್ನು ಹೇಳುತ್ತಿದ್ದಾನೆ. ನಿದ್ದೆಯಲ್ಲಿ ಬಡಬಡಿಸುವ ಮಗುವನ್ನು ನೋಡಿ ತಾಯಿ 'ಏನೋ ಕನಸು ಕಾಣುತ್ತಿದೆ' ಎನ್ನುತ್ತಾಳೆ. ಅದು ಎದ್ದು ಹೇಳಲೆಂದು ಕಾಯುವುದಿಲ್ಲ. ರೂಢಿಯೇ ಪ್ರಮಾಣವೆಂದ ಮೇಲೆ ಇದನ್ನು ಬದಿಗೆ ಸರಿಸುವುದು ನ್ಯಾಯವಲ್ಲ.

ಅವರ ವಾದದ ಬೇರನ್ನೇ ಅಲುಗಿಸಿದ್ದು ಇನ್ನೊಂದು ಪ್ರಯೋಗ. ಇದು ಕನಸೆಂಬ ಅರಿವಿನೊಡನೆಯೇ ಕನಸು ಕಾಣುವವರುಂಟು. ಅಂತಹವರು ಮೊದಲೇ ಗೊತ್ತುಮಾಡಿಕೊಂಡಂತೆ, ಕನಸಿನೊಳಗಿಂದಲೇ ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಿ ಸಂಜ್ಞೆ ಕೊಡುವುದನ್ನು 1975ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಹರ್ನ್, ಅನಂತರ ಸ್ಟ್ಯಾನ್‌ಫರ್ಡಿನಲ್ಲಿ ಲಬರ್ಜ್ ದಾಖಲಿಸಿದರು. ಮಿದುಳಿನ ವಿದ್ಯುಲ್ಲೇಖವು ಆಗಲೂ ನಿದ್ರೆಯನ್ನೇ ತೋರಿಸುತ್ತಿತ್ತು. ನಿದ್ರಿತನು ತೀರ್ಮಾನಿಸಲಾರನೆಂಬ ಮಾತು ಇಲ್ಲಿ ನಿಲ್ಲದು. ಇಂತಹವನು ನಿಜವಾಗಿ ನಿದ್ರಿಸುತ್ತಿಲ್ಲವೆಂದು ಮ್ಯಾಲ್ಕಮ್‌ರ ಪಕ್ಷದವರು ಹೇಳಬಹುದು. ಹಾಗೆಂದರೆ, ರೂಢಿಯ ಪದಕ್ಕೆ ಹೊಸ ಅರ್ಥ ಕಟ್ಟಿದ ದೋಷವು 'ನಿದ್ರೆ'ಯ ವಿಷಯದಲ್ಲಿ ಅವರಿಗೇ ತಗಲುತ್ತದೆ.